ಹಳದಿ ಚೀಟಿ

ಮಾರ್ಚ್ ೩, ಮಂಗಳವಾರ

ಬೆಳಿಗ್ಗೆಯಿಂದ ನಾಲ್ಕು ತಲೆ. ಮೂರನೆಯದು ಬುಗುರಿ — ಅವಳ ಅಜ್ಜಿ ಇಟ್ಟ ಹೆಸರು. ಎಂಟು ವರ್ಷ. ಕೂತಲ್ಲಿ ಕೂರುವುದಿಲ್ಲ, ಹೇಳಿದ್ದು ಕಿವಿಗೇ ಹಾಕಿಕೊಳ್ಳುವುದಿಲ್ಲ ಎಂದು ಶಾಲೆಯ ದೂರು. ಇಂಥ ಮಕ್ಕಳ ಮೆದುಳಿನ ಅಲೆಗಳನ್ನು ಓದುವುದು ಡಾಕ್ಟರಮ್ಮ. ಯಂತ್ರದಲ್ಲಿ ಅವನ್ನು ತೆಗೆದುಕೊಡುವುದು ನಾನು. ಇಪ್ಪತ್ತೆರಡು ವರ್ಷದಿಂದ.

ಟೇಪಿನಲ್ಲಿ ತಲೆ ಅಳೆದೆ. ಕೆಂಪು ಪೆನ್ಸಿಲ್ ಗುರುತು, ಪೇಸ್ಟ್, ಇಪ್ಪತ್ತೊಂದು ವೈರು. "ಇದೇನು, ಅಂಟಾ? ಹಾಗಾದ್ರೆ ನೀವು ಅಂಟಮ್ಮ." ಹೆಸರಿಟ್ಟೇಬಿಟ್ಟಳು, ಬಜಾರಿ! ಆಮೇಲೆ ಮಾತ್ರ ಕಲ್ಲಿನ ಹಾಗೆ ಕೂತಳು. ಪರದೆಯ ತುಂಬ ನಿಧಾನದ ಅಲೆಗಳು. ಗಮನದ ತೊಂದರೆಯ ಮಗು, ಇಷ್ಟು ಇದ್ದೇ ಇರುತ್ತದೆ ಎಂದುಕೊಂಡೆ. ಕಣ್ಣು ತೆರೆದೇ ಇತ್ತು. 'ಎಚ್ಚರ' ಎಂದು ಟಿಪ್ಪಣಿ ಹಾಕಿದೆ.

ಮಾರ್ಚ್ ೬

ಡಾಕ್ಟರಮ್ಮ ಬುಗುರಿಯ ರೆಕಾರ್ಡ್ ಓದಿದರು. "ಎಚ್ಚರ ಇದ್ದಾಗ್ಲೇ ಇಷ್ಟು ನಿಧಾನ ಅಂದ್ರೆ ಜಾಸ್ತೀನೇ." ವರದಿ ಶಾಲೆಗೆ ಹೋಯಿತು. ಮುಂದಿನ ತಿಂಗಳಿಂದ ಅವಳನ್ನು ಬೇರೆ ತರಗತಿಗೆ ಹಾಕುತ್ತಾರಂತೆ, ಹಿಂದುಳಿದವರ ಜೊತೆ. ಪಾಪ ಅನ್ನಿಸಿತು.

ಮಾರ್ಚ್ ೧೦, ಸಂಜೆ

ವರದಿಯ ನಕಲಿಗೆ ಅಜ್ಜಿ ಬಂದಿದ್ದರು. ಬಟ್ಟೆ ಹೊಲಿಯುವವರು, ಕತ್ತಿನಲ್ಲಿ ಇನ್ನೂ ಅಳತೆ ಟೇಪು. ಚೀಲದಿಂದ ನಾಲ್ಕು ಮಡಿಕೆಯ ಹಳದಿ ಚೀಟಿ ತೆಗೆದರು. "ನೀವು ಕೊಟ್ಟ ಚೀಟೀಲಿ ಇದ್ದ ಹಾಗೇ ಮಾಡಿದ್ದೆ ಕಣಮ್ಮಾ. ರಾತ್ರಿ ಎರಡು ಗಂಟೆಗೇ ಎಬ್ಬಿಸ್ದೆ. ತೂಕಡಿಸಿದಾಗೆಲ್ಲ ಮುಖಕ್ಕೆ ನೀರು ಚಿಮುಕಿಸ್ದೆ."

ಚೀಟಿ ಬಿಡಿಸಿ ನೋಡಿದೆ.

ಹಳದಿ ಚೀಟಿ ಮೂರ್ಛೆ ರೋಗದವರಿಗೆ. ಅವರು ನಿದ್ದೆಗೆಟ್ಟು ಬರಬೇಕು. ಬುಗುರಿಯಂಥವರಿಗೆ ಬಿಳಿ ಚೀಟಿ — ಚೆನ್ನಾಗಿ ಮಲಗಿ, ತಿಂದು ಬನ್ನಿ ಎಂದು. ಅಜ್ಜಿ ಪರೀಕ್ಷೆಯ ದಿನ ಗೊತ್ತುಮಾಡಲು ಬಂದಾಗ ಬಿಳಿ ಮುಗಿದಿತ್ತು. ಹಳದಿಯಲ್ಲೇ ನಿದ್ದೆಗೆಡಬೇಕೆನ್ನುವ ಎರಡನೇ ಸಾಲು ಹೊಡೆದುಹಾಕಿ ಕೊಡೋಣ ಎಂದುಕೊಂಡೆ. ಫೋನ್ ಬಂತು. ಹಾಗೇ ಕೊಟ್ಟುಬಿಟ್ಟೆ... ಆ ಅಲೆಗಳೆಲ್ಲ ತೂಕಡಿಕೆ! ಮಗು ಕಣ್ಣು ಬಿಟ್ಟುಕೊಂಡೇ ನಿದ್ದೆಗೆ ಜಾರುತ್ತಿತ್ತು. ಮಗು ರಾತ್ರಿ ಎಷ್ಟು ಹೊತ್ತು ಮಲಗಿತ್ತು ಎಂದು ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದವರೂ ಕೇಳುತ್ತಾರೆ. ನಾನು ಕೇಳಲಿಲ್ಲ.

ಅಜ್ಜಿಗೆ ನಕಲು ಕೊಟ್ಟು ಕಳಿಸಿದೆ. ಏನೂ ಹೇಳಲಿಲ್ಲ. ಥೂ, ನನ್ನ ಜನ್ಮಕ್ಕಿಷ್ಟು.

ಮಾರ್ಚ್ ೧೪

ಈ ಪುಸ್ತಕ ಮುಟ್ಟಲು ಮುಖವಿರಲಿಲ್ಲ.

ಊಟದ ಹೊತ್ತಿಗೆ ನಮ್ಮವರು, "ಏನೇ, ಉಪ್ಪು ಎರಡು ಸಲ ಬಿದ್ದಿದೆ?" ಅಂದರು. ಎಲ್ಲ ಹೇಳಿದೆ. "ಊರವರ ತಲೆ ಅಳೆಯೋಳು. ನಿನ್ನ ತಲೆ ಯಾರು ಅಳೀಬೇಕು?" ಅಂದು ನಕ್ಕರು. ಆಮೇಲೆ ಮೆಲ್ಲಗೆ, "ಹೇಳಿಬಿಡು. ಕೆಲಸ ಹೋದ್ರೆ ಹೋಗ್ಲಿ, ನನ್ನ ಅಂಗಡೀಲಿ ಬೀಗದ ಕೀ ಉಜ್ಕೊಂಡಿರು." ಈ ಮನುಷ್ಯ ಸಿಕ್ಕಿದ್ದು ನನ್ನ ಪುಣ್ಯ.

ಮಾರ್ಚ್ ೧೬, ಸೋಮವಾರ

ಎಂಟಕ್ಕೆ ಮುಂಚೆಯೇ ಡಾಕ್ಟರಮ್ಮನ ಬಾಗಿಲು ತಟ್ಟಿದೆ. ಒಂದೇ ಉಸಿರಿಗೆ ಹೇಳಿದೆ. ಕನ್ನಡಕ ತೆಗೆದಿಟ್ಟರು.

"ಆರು ದಿನ ಯಾಕೆ ಸುಮ್ನಿದ್ರಿ?"

"ಹೆದರಿಕೆ, ಮೇಡಂ."

"ನಾನೂ ಕೇಳ್ಬೇಕಿತ್ತು. 'ಎಚ್ಚರ' ಅಂತ ಓದ್ಕೊಂಡು ಮುಂದೆ ಹೋದೆ." ಶಾಲೆಗೆ ತಾವೇ ಫೋನ್ ಮಾಡಿ ವರದಿ ಹಿಂದಕ್ಕೆ ಪಡೆದರು. ಅಜ್ಜಿಗೆ ಮಾತ್ರ ನೀವೇ ಹೇಳಬೇಕು ಅಂದರು. ನ್ಯಾಯವೇ.

ಅಜ್ಜಿಗೆ ಫೋನ್ ಮಾಡಿ ಎಲ್ಲ ಹೇಳಿದೆ. "ಅಯ್ಯೋ... ನಾನೇ ನೀರು ಚಿಮುಕಿಸಿ ಚಿಮುಕಿಸಿ ಮಗೂನ ಆ ತರಗತಿಗೆ ತಳ್ಳಿದ್ನಾ?"

"ಇಲ್ಲಮ್ಮ. ತಳ್ಳಿದ್ದು ನಾನು."

"ನೀವಾಗೇ ಹೇಳಿದ್ರಲ್ಲ ತಾಯಿ. ಹೇಳ್ದೇ ಇದ್ರೆ ನಮಗೆಲ್ಲಿ ಗೊತ್ತಾಗ್ತಿತ್ತು?"

ಬೈದಿದ್ದರೆ ಸಲೀಸಾಗಿರುತ್ತಿತ್ತು. ಸ್ಟೋರ್ ರೂಮಿಗೆ ಹೋಗಿ ಅತ್ತೆ.

ಮಾರ್ಚ್ ೧೯

ಬುಗುರಿಗೆ ಮರುಪರೀಕ್ಷೆ. ಈ ಸಲ ಬಿಳಿ ಚೀಟಿ, ನನ್ನ ಕೈಬರಹದಲ್ಲಿ. ಹತ್ತು ಗಂಟೆ ನಿದ್ದೆ ಮಾಡಿ ಬಂದಳು. ಅಬ್ಬಬ್ಬಾ! ಕುರ್ಚಿ ತಿರುಗಿಸಿದ್ದೇನು, ವೈರು ಕಿತ್ತಿದ್ದೇನು... ತಲೆಯನ್ನು ಎರಡೆರಡು ಸಲ ಅಳೆಯಬೇಕಾಯಿತು. "ಅಂಟಮ್ಮ, ನಾನೀಗ ಏನು ಯೋಚ್ನೆ ಮಾಡ್ತಿದೀನಿ ಅಂತ ಅದ್ರಲ್ಲಿ ಕಾಣುತ್ತಾ?" ಇಲ್ಲ ಅಂದೆ. "ಸದ್ಯ!" ಅಂದಳು. ಮಗು ಇಷ್ಟು ಕಾಡಿದ್ದಕ್ಕೆ ಇಷ್ಟು ಸಂತೋಷ ನನಗೆ ಎಂದೂ ಆಗಿರಲಿಲ್ಲ.

ಕಣ್ಣು ಮುಚ್ಚು ಅಂದೆ. ಮುಚ್ಚಿದಳು. ತಲೆಯ ಹಿಂಭಾಗದ ಗೆರೆಗಳಲ್ಲಿ ಸೆಕೆಂಡಿಗೆ ಒಂಬತ್ತು ಅಲೆ, ಹದವಾಗಿ, ಒಂದರ ಹಿಂದೆ ಒಂದು. ಪರದೆಗೆ ಕೈಮುಗಿದುಬಿಟ್ಟೆ.

ಡಾಕ್ಟರಮ್ಮ ಅಜ್ಜಿಯನ್ನು ಕೂರಿಸಿ ಹೇಳಿದರು: "ಗಮನದ ತೊಂದರೆ ಇರೋದು ನಿಜ. ಅದಕ್ಕೆ ದಾರಿ ಇದೆ, ನಿಧಾನವಾಗಿ ನೋಡೋಣ. ಅಲೆಗಳು ಮಾತ್ರ ಅವಳ ವಯಸ್ಸಿಗೆ ಸರಿಯಾಗೇ ಇವೆ. ತರಗತಿ ಬದಲಾಯಿಸೋಕೆ ಇದನ್ನ ಕಾರಣ ಅಂತ ತೋರ್ಸೋ ಹಾಗಿಲ್ಲ."

ಮಾರ್ಚ್ ೨೭, ಮಧ್ಯಾಹ್ನ ೨.೧೦

ಅಜ್ಜಿ ಬಂದು ಹೋದರು. ಬುಗುರಿ ಹಳೆಯ ತರಗತಿಯಲ್ಲೇ, ಕಿಟಕಿಯಿಂದ ದೂರದ ಮುಂದಿನ ಬೆಂಚು. ನನಗೊಂದು ಕಾಗದದ ಪೊಟ್ಟಣ ಕೊಟ್ಟರು. ಬಿಚ್ಚಿದರೆ ಗೋಡೆಗೆ ನೇತುಹಾಕುವ ಬಟ್ಟೆಯ ಚೀಲ. ಎರಡು ಜೇಬು, ಒಂದು ಬಿಳಿ, ಒಂದು ಹಳದಿ. ಬಿಳಿಯ ಮೇಲೆ ಮುಚ್ಚಿದ ಕಣ್ಣು, ಹಳದಿಯ ಮೇಲೆ ಬಿಟ್ಟ ಕಣ್ಣು, ಸೊಟ್ಟಸೊಟ್ಟ ಹೊಲಿಗೆ.

"ಕಣ್ಣು ಅವಳೇ ಹೊಲಿದಿದ್ದು. ಹನ್ನೊಂದು ಸಲ ಎದ್ದು ಓಡಿದ್ಲು. ಹನ್ನೊಂದು ಸಲಾನೂ ವಾಪಸ್ ಬಂದು ಕೂತ್ಲು."

ನನ್ನಿಂದ ಅವರಿಗಾದದ್ದು ಅನ್ಯಾಯ. ಅವರಿಂದ ನನಗೆ ಬಂದದ್ದು ಇದು. ಈ ಋಣ ತೀರಿಸುವುದು ಹೇಗೆ, ಗೊತ್ತಿಲ್ಲ. ಚೀಲವನ್ನು ಫೋನಿನ ಪಕ್ಕದಲ್ಲೇ ಮೊಳೆಗೆ ಸಿಕ್ಕಿಸಿದ್ದೇನೆ.

ಮುಂದಿನ ಮಗು ಬಾಗಿಲಲ್ಲಿ ನಿಂತು ಇಣುಕುತ್ತಿದೆ. ಟೇಪು ಮುಟ್ಟುವ ಮುಂಚೆ ಕೇಳಬೇಕು — ಪುಟ್ಟಾ, ರಾತ್ರಿ ಎಷ್ಟು ಹೊತ್ತು ಮಲಗಿದ್ದೆ?