ಎರಡು ಬೆರಳು ಹೆಚ್ಚಿಗೆ

ದಾಂಡೇಲಿ
26-12-1967

ಹಳಿಯಾಳದ ತವರುಮನೆಯಲ್ಲಿರುವ ರಹಿಮತಬಿಗೆ ಗನಿಸಾಬನ ಸಲಾಮು.

ರಮಜಾನ್ ಹಬ್ಬಕ್ಕೆ ಇನ್ನೊಂದು ವಾರ. ಅಂಗಡಿಯಲ್ಲಿ ಹೊಲಿಯಬೇಕಾದ ಬಟ್ಟೆ ಮೊಣಕಾಲಮಟ್ಟ ಬಿದ್ದಿದೆ. ಮಿಲ್ಲಿನವರು ಪಾಳಿ ಬಿಟ್ಟವರೇ ನೆಟ್ಟಗೆ ಇಲ್ಲಿಗೆ ಬಂದು ಕೂಗಾಡುತ್ತಾರೆ. ಹೋಗುವಾಗ ನೀನು ಹೇಳಿದಂತೆಯೇ ನಡೆದಿದ್ದೇನೆ. "ಇಪ್ಪತ್ತು ರೋಜಾ ಆದಮ್ಯಾಲ ಹೊಸ ಅರಿವಿ ತಗೋಬ್ಯಾಡ್ರಿ. ಮಧ್ಯಾಹ್ನದ ನಮಾಜ್ ಆತಂದ್ರ ಚೂರು ನೆಲಕ್ಕ ಬೆನ್ನ ಹಚ್ಚರಿ. ಯಾರರ ಒದರಿದ್ರ ಒದರ್ಲಿ" ಅಂದಿದ್ದೆ. ಹೊಸ ಬಟ್ಟೆ ತೆಗೆದುಕೊಂಡಿಲ್ಲ. ದಿನಾ ನೆಲಕ್ಕೆ ಬೆನ್ನು ಹಚ್ಚುತ್ತೇನೆ. ಯಾರು ಕೂಗಿದರೂ ಸಿಟ್ಟು ಬರುವುದಿಲ್ಲ. ಈಗ ಏನೂ ಬರುವುದಿಲ್ಲ.

ಒಂದು ತಪ್ಪು ಮಾಡಿದ್ದೇನೆ. ಮೊದಲ ರೋಜಾದ ದಿನ, ಗಿರಾಕಿಗಳ ಬಟ್ಟೆಗೆ ಕತ್ತರಿ ಹಾಕುವ ಮುಂಚೆ, ನಮ್ಮ ಮಗಳು ಮೈಮುನಾಳ ಫ್ರಾಕು ಕತ್ತರಿಸುವುದು ಪ್ರತಿ ವರ್ಷದ ರೂಢಿಯಲ್ಲವೇ? ಈ ವರ್ಷವೂ ಕೈ ತಾನಾಗಿ ಕತ್ತರಿಸಿತು. ಪುಸ್ತಕದಲ್ಲಿ ಅವಳ ಹೋದ ವರ್ಷದ ಅಳತೆ ನೋಡಿ, ಬೆಳೆದಿರುತ್ತಾಳೆಂದು ಉದ್ದಕ್ಕೆ ಎರಡು ಬೆರಳು ಹೆಚ್ಚಿಗೆ ಇಟ್ಟೆ. ಅವಳನ್ನು ಮಣ್ಣು ಮಾಡಿ ಐದು ತಿಂಗಳಾಯಿತೆಂಬುದು ತೋಳು ಕೂಡಿಸುವಾಗ ನೆನಪಾಯಿತು.

ಫ್ರಾಕು ನಿನ್ನ ತಂಗಿಯ ಮಗಳಿಗೆ ಆಗಬಹುದು. ಆದರೆ ಕೆಳಗಿನ ಅಂಚು ಹಾಗೆಯೇ ಉಳಿದಿದೆ. ಪ್ರತಿ ವರ್ಷ ಅದನ್ನು ಮಡಿಸಿ ಕೈಯಲ್ಲಿ ಹೊಲಿಯುವವಳು ನೀನು. ನಾನು ಎಂದೂ ಹೊಲಿದವನಲ್ಲ.

ಹಬ್ಬಕ್ಕೆ ಒಂದು ದಿನ ಮುಂಚೆ ಬಾ. ನಿನ್ನ ಸೂಜಿಡಬ್ಬಿ ಇಟ್ಟಲ್ಲೇ ಇದೆ.

ಗನಿಸಾಬ,
ಅಂಗಡಿಯಿಂದ