ರಿಗ್ರೆಟ್ ಬೇಡ, ಅಪಾಲಜಿ ಬೇಕು

ಮಾರೇನಹಳ್ಳಿ, ವಿಜಯನಗರ
ಬೆಂಗಳೂರು
12-8-1978

ಪ್ರೀತಿಯ ಗಿರಿಜಾ,

ಇಷ್ಟು ದಿನ ಕಾಗದ ಬರೆಯಲಿಲ್ಲವೆಂದು ಬೈದುಕೊಂಡಿರುತ್ತೀಯ. ಬೈದುಕೋ, ತಡೆದುಕೊಳ್ಳುತ್ತೇನೆ. ದಾವಣಗೆರೆಯಲ್ಲಿ ಎಲ್ಲರೂ ಕ್ಷೇಮವೇ? ಅಮ್ಮನ ಮಂಡಿನೋವು ಹೇಗಿದೆ? ಇಲ್ಲಿ ನಾನು ಕ್ಷೇಮ ಎಂದು ಬರೆದರೆ ಸುಳ್ಳಾಗುತ್ತದೆ. ಸಿಟ್ಟಿಗೆ ಮೈಯೆಲ್ಲ ಉರಿಯುತ್ತಿದೆ.

ರಾಜಾಜಿನಗರದ ನಮ್ಮ ರೇಡಿಯೊ ಕಾರ್ಖಾನೆಯಲ್ಲಿ ಸಂಜೆ ಮನೆಗೆ ಬಿಡುವ ಮುಂಚೆ ಗೇಟಿನಲ್ಲಿ ಹೆಂಗಸರ ಬುತ್ತಿಚೀಲ ತಡಕುತ್ತಾರೆ. ತಾಮ್ರದ ತಂತಿ ಕದ್ದೊಯ್ಯುತ್ತೇವಂತೆ! ಹೋದ ತಿಂಗಳು ಸೂಪರ್‌ವೈಸರ್ ವೆಂಕಟಗಿರಿ ಚೀಲ ಬಿಟ್ಟು ನಮ್ಮ ಜೊತೆಯ ಪುಟ್ಟಲಕ್ಷ್ಮಿಯ ರವಿಕೆಗೇ ಕೈ ಹಾಕಿದ. ತಂತಿ ಸಿಗಲಿಲ್ಲ. ಹುಡುಗಿಗೆ ಕಳ್ಳಿ ಎಂಬ ಹೆಸರು ಮಾತ್ರ ಅಂಟಿತು. ಮಾರನೆಯ ದಿನ ನಾವು ಹೆಂಗಸರೆಲ್ಲ ಕೆಲಸ ನಿಲ್ಲಿಸಿ ಗೇಟಿನ ಮುಂದೆ ಕೂತೆವು.

ಕೆಲವು ದಿನ ಕಳೆದ ಮೇಲೆ ನಮ್ಮ ಯಜಮಾನರು, ಕಾರ್ಮಿಕ ಸಂಘದ ಕಾರ್ಯದರ್ಶಿ ಕೆಂಪಯ್ಯನವರು, ಒಳಗಿನಿಂದ ಒಂದು ಕಾಗದ ಹಿಡಿದು ಬಂದರು. ನಡೆದದ್ದಕ್ಕೆ ‘ರಿಗ್ರೆಟ್’ ಎಂದು ವೆಂಕಟಗಿರಿ ಇಂಗ್ಲಿಷಿನಲ್ಲಿ ಬರೆದುಕೊಟ್ಟಿದ್ದ.

“ಇದು ಅಪಾಲಜಿ ಅಲ್ವಲ್ಲ ರೀ,” ಎಂದೆ.

“ಎರಡೂ ಒಂದೇ ಕಣೇ. ಎದ್ದೇಳಿ, ಸಾಕು.”

“ಒಂದೇ ಆದ್ರೆ ಅಪಾಲಜಿ ಅಂತ್ಲೇ ಬರ್ಕೊಡೋಕೆ ಅವನಿಗೇನು ರೋಗ?”

ಹೆಂಗಸರು ಹೋ ಎಂದು ನಕ್ಕರು.

ನೀನೇ ಹೇಳು. ರೈಲು ತಡವಾದರೆ ರಿಗ್ರೆಟ್ ಅನ್ನುತ್ತಾರೆ. ಕೆಲಸ ಖಾಲಿಯಿಲ್ಲ ಅನ್ನಲೂ ರಿಗ್ರೆಟ್. ಹೀಗಾಯಿತಲ್ಲ ಎಂಬ ಬೇಸರ, ಅಷ್ಟೆ. ಮಾಡಿದವನು ಯಾರು ಎಂಬ ಮಾತೇ ಅದರಲ್ಲಿಲ್ಲ. ಅಪಾಲಜಿ ಅಂದರೆ, ಮಾಡಿದವನು ನಾನು, ತಪ್ಪು ನನ್ನದು ಎಂದು ಒಪ್ಪುವುದು. ಅವನ ಬೇಸರ ಕಟ್ಟಿಕೊಂಡು ನಮಗೇನಾಗಬೇಕು? ಅವನ ತಲೆ ಬಗ್ಗಬೇಕಿತ್ತು.

ನಾವು ಏಳಲಿಲ್ಲ. ಕಡೆಗೆ ಅಪಾಲಜಿ ಬರೆದ. ಅದೇ ಗೇಟಿನಲ್ಲಿ ನಿಲ್ಲಿಸಿ ಕನ್ನಡದಲ್ಲಿ ಗಟ್ಟಿಯಾಗಿ ಹೇಳಿಸಿದೆವು. “ಕ್ಷಮಿಸಿಬಿಡಮ್ಮ” ಎಂದ.

“ಆಗಲ್ಲ ಸಾರ್,” ಎಂದಳು ಪುಟ್ಟಲಕ್ಷ್ಮಿ.

ತಪ್ಪೊಪ್ಪಿಕೊಂಡವನನ್ನು ಇಟ್ಟುಕೊಳ್ಳಲು ಮ್ಯಾನೇಜರಿಗೆ ದಾರಿಯಿರಲಿಲ್ಲ; ಕೆಲಸದಿಂದ ತೆಗೆದರು. ಮಕ್ಕಳೊಂದಿಗನಂತೆ, ಪಾಪ ಎಂದರು ಯಾರೋ. ನನಗೆ ಒಂದಿಷ್ಟೂ ಮರುಕ ಹುಟ್ಟಲಿಲ್ಲ ಗಿರಿಜಾ. ಆ ರಾತ್ರಿ ಹೊಟ್ಟೆ ತುಂಬ ಉಂಡೆ.

ನಿನ್ನ ಹೆಣ್ಣುಮಕ್ಕಳಿಗೆ ನನ್ನ ಆಶೀರ್ವಾದ. ಗಟ್ಟಿಯಾಗಿ ಬೆಳೆಯಲಿ.

ನಿನ್ನ
ಶಾಂತವ್ವ

ತಾ.ಕ.: ಆ ಎರಡು ಪದಗಳ ವ್ಯತ್ಯಾಸ ನನಗೆ ಕಲಿಸಿದವರು ಕೆಂಪಯ್ಯನವರೇ. ಮದುವೆಗೂ ಮುಂಚೆ, ಸಂಘದ ಭಾನುವಾರದ ತರಗತಿಯಲ್ಲಿ, ಬೋರ್ಡಿನ ಮೇಲೆ ಬರೆದು. ಗೊತ್ತಿದ್ದೂ ಅಷ್ಟು ಹೆಂಗಸರೆದುರು ನನಗೆ ‘ಒಂದೇ’ ಅಂದರು. ಮುಂದಿನ ತಿಂಗಳು ಸಂಘದ ಚುನಾವಣೆ. ಕಾರ್ಯದರ್ಶಿ ಸ್ಥಾನಕ್ಕೆ ಅವರ ವಿರುದ್ಧ ನನ್ನ ಹೆಸರು ಕೊಟ್ಟು ಬಂದಿದ್ದೇನೆ. ಮನೆಯಲ್ಲಿ ಇನ್ನೂ ಹೇಳಿಲ್ಲ.