ಬಾಗಿಲು ಹಾಕಿ, ಸುಗಂಧಿ ಅಜ್ಜಿ

ಗಂಗೊಳ್ಳಿ ತೇಲುಗೇರಿ,
ಫೆಬ್ರವರಿ 30, 2174

ಪ್ರೀತಿಯ ಸುಗಂಧಿ ಅಜ್ಜಿ,

ತಾರೀಕು ನೋಡಿ ನಗಬೇಡಿ, ನಮ್ಮಲ್ಲಿ ಅಂಥ ದಿನವೂ ಉಂಟು. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮಗಿನ್ನೂ ಇಪ್ಪತ್ತಾರು, ಮದುವೆಯೂ ಆಗಿಲ್ಲ; ಆದರೂ ನಾನು ನಿಮ್ಮ ಮರಿಮಗಳ ಮೊಮ್ಮಗಳು. ಇದು ಹಿಂದಂಚೆ, ಅಂದರೆ ಕಾಲದ ಹಿಂದಕ್ಕೆ ಹೋಗುವ ಅಂಚೆ. ಮನೆಗೊಂದೇ ಕಾಗದ, ಅದೂ ಒಂದೇ ಸಲ. ಅದನ್ನು ನಿಮಗೇ ಬರೆಯುವುದೆಂದು ಮನೆಯವರೆಲ್ಲ ಕೂಡಿ ತೀರ್ಮಾನಿಸಿದೆವು.

ಕಡಲು ಊರೊಳಗೆ ಬಂದು ಬಹಳ ಕಾಲವಾಯಿತು. ನಮ್ಮ ಮನೆಗಳು ಪೀಪಾಯಿಗಳ ಮೇಲೆ ತೇಲುತ್ತವೆ, ಅದಕ್ಕೇ ಇದು ತೇಲುಗೇರಿ. ಸಕ್ಕರೆ ಕೇಳಲು ಹೊರಡುವ ಮುಂಚೆ ಪಕ್ಕದ ಮನೆ ಇವತ್ತು ಎಲ್ಲಿದೆ ಎಂದು ನೋಡಬೇಕು. ಬಂಗುಡೆ ಸಾರು ಮಾತ್ರ ನಿಮ್ಮ ಕಾಲದ್ದೇ. ಹುಳಿ ಜಾಸ್ತಿ ಹಾಕುವ ನಿಮ್ಮ ಚಾಳಿಯೂ ತಪ್ಪದೆ ಇಳಿದು ಬಂದಿದೆ. ಕಡಲಿಗೆ ಹೋದ ದೋಣಿ ಮರಳುವ ತನಕ ಮನೆಗೆ ಅಗಳಿ ಹಾಕಬಾರದೆಂಬ ಪದ್ಧತಿಯನ್ನೂ ಬಿಟ್ಟಿಲ್ಲ.

ಆ ಪದ್ಧತಿಯೇ ನಿಮ್ಮನ್ನು ದಾರಿ ತಪ್ಪಿಸಿತು, ಅಜ್ಜಿ. ಈ ಕಾಗದ ಕೈಸೇರುವ ದಿನ ನೀವು ಬಂದರು ಕಚೇರಿಯ ಲಿನಕ್ಸ್ ಯಂತ್ರಕ್ಕೆ ಹೊಸ ಡೇಟಾಬೇಸ್ ಹಾಕುತ್ತಿದ್ದೀರಿ. ದೋಣಿಗಳು ನಿಮಿಷಕ್ಕೊಮ್ಮೆ ತಾವಿರುವ ಜಾಗ ತಿಳಿಸುತ್ತವೆ. ಆ ಡೇಟಾಬೇಸ್ ಎಲ್ಲವನ್ನೂ ಡಿಸ್ಕಿಗೆ ಬರೆಯದೆ ಮೆಮೊರಿಯಲ್ಲೇ ಹಿಡಿದಿಟ್ಟು, ಕೇಳಿದ ಕ್ಷಣ ಹೇಳುತ್ತದೆ. ಪಾಸ್‌ವರ್ಡ್ ಇಡೋಣವೇ ಎಂದು ಕಚೇರಿಯವರು ಕೇಳಿದಾಗ ನೀವು ಕೊಟ್ಟ ಉತ್ತರ ನಮ್ಮ ಮನೆಯಲ್ಲಿ ಇಂದಿಗೂ ಬಾಯಿಪಾಠ: "ದೋಣಿ ಕಡಲಗಿಪ್ಪತಿಗೆ ಬಾಗ್ಲ್ ಹಾಕುಕಾಗ ಮಾರಾಯ್ರೆ, ಹೆಂಗಸ್ರ್ ಯಾರಾರೂ ಬಂದ್ ಕೇಣ್ಲಿ." ಕಡಲಿಗೆ ಹೋದವರ ಮನೆಯ ಹೆಂಗಸರು ದೋಣಿ ಎಲ್ಲಿದೆಯೆಂದು ಕೇಳಲಿ ಎಂದು ಇಡೀ ಜಗತ್ತಿಗೇ ತೆರೆದಿಟ್ಟಿರಿ. ಮೂರನೆಯ ದಿನ ಯಾರೋ ಅಪರಿಚಿತ ಒಳಬಂದು ಎಲ್ಲವನ್ನೂ ಅಳಿಸಿದ. ಅದೇ ಮಧ್ಯಾಹ್ನ, ಅಳಿಸುವುದಕ್ಕೆ ತುಸು ಮುಂಚೆ, ನಿಮ್ಮ ತಮ್ಮ ಕರುಣಾಕರಜ್ಜನ ದೋಣಿಯ ಇಂಜಿನ್, ಬ್ಯಾಟರಿ ಎರಡೂ ಕೈಕೊಟ್ಟವು. ಅವರ ಕೊನೆಯ ಜಾಗ ಆ ಮೆಮೊರಿಯಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ಹುಡುಕಲು ಹೊರಟವರಿಗೆ ಯಾವ ದಿಕ್ಕೆಂದೇ ತಿಳಿಯಲಿಲ್ಲ.

ಬೈಯಲು ಬರೆಯುತ್ತಿಲ್ಲ. ನೀವು ಮುಪ್ಪಿನವರೆಗೂ ಹೊಸ್ತಿಲಲ್ಲೇ ಕೂತು ಕಾದಿರೆಂದು ಕೇಳಿ ಬೆಳೆದವಳು ನಾನು. ನಿಮ್ಮ ಮೇಲೆ ನನಗೆ ಪ್ರೀತಿಯೇ. ಊಟಕ್ಕೆ ಏಳುವ ಮೊದಲು ಇಷ್ಟು ಮಾಡಿ. ಆ ಡೇಟಾಬೇಸ್ ಬಂದರಿನ ಒಳಜಾಲದ ಮಾತನ್ನಷ್ಟೇ ಕೇಳಲಿ, ಹೊರಗಿನ ದಾರಿಯನ್ನು ಫೈರ್‌ವಾಲ್ ಮುಚ್ಚಲಿ. ಅದಕ್ಕೆ ರೂಟ್ ಅಧಿಕಾರ, ಅಂದರೆ ಇಡೀ ಯಂತ್ರದ ಯಜಮಾನಿಕೆ, ಕೊಡಬೇಡಿ. ಉದ್ದದ ಪಾಸ್‌ವರ್ಡ್ ಇಡಿ, ತಮ್ಮನ ಹೆಸರು ಬೇಡ, ನಿಮ್ಮನ್ನು ನಾನು ಬಲ್ಲೆ! ನಿಮಿಷಕ್ಕೊಮ್ಮೆ ಡಿಸ್ಕಿನಲ್ಲೂ ಒಂದು ನಕಲು ಉಳಿಯಲಿ. ಹೆಂಗಸರು ಕೇಳಿದರೆ ನೀವೇ ಫೋನಿನಲ್ಲಿ ಹೇಳಿ, ಹೇಗೂ ಮಾತೆಂದರೆ ನಿಮಗಿಷ್ಟ.

ಕರುಣಾಕರಜ್ಜನ ದೋಣಿ ಇನ್ನೂ ಬಂದಿಲ್ಲ. ಅದಕ್ಕೇ ನೂರ ಮೂವತ್ತೆಂಟು ವರ್ಷದಿಂದ ನಮ್ಮ ಮನೆಗೆ ಅಗಳಿ ಹಾಕಿಲ್ಲ. ನೀವು ಆ ಯಂತ್ರದ ಬಾಗಿಲು ಹಾಕಿ, ಅಜ್ಜಿ. ನಾವೂ ನಮ್ಮದನ್ನು ಹಾಕಿಕೊಳ್ಳುತ್ತೇವೆ.

ನಿಮ್ಮ,
ತರಂಗಿಣಿ